ಅಮಲ್ದಾರರು ಹಚ್ಚಬೇಕಿದ್ದ ಒಲೆ

ಯಶಸ್ವಿ ಉದ್ಯಮಿಯಾಗಲು ಏನು ಬೇಕು ಎಂಬುದನ್ನು ನಾನು ಬಿ.ಎ. ಪಾಸಾದ ವಾರದಲ್ಲೇ ಕಂಡುಹಿಡಿದುಬಿಟ್ಟೆ. ಒಂದು ಬೋರ್ಡು ಬೇಕು.

ಮಿಕ್ಕದ್ದೆಲ್ಲ ಬೋರ್ಡನ್ನು ನೋಡಿಕೊಂಡು ತಾನಾಗಿ ಬಂದು ಸೇರುತ್ತದೆ ಎಂಬುದು ನನ್ನ ಸಿದ್ಧಾಂತ. ಆದ್ದರಿಂದ ಕಾರ್ಖಾನೆಗೆ ಜಾಗ ಹುಡುಕುವ ಮೊದಲು ಚನ್ನಪಟ್ಟಣಕ್ಕೆ ಹೋಗಿ, ಮರದ ಗೊಂಬೆಗಳಿಗೆ ಕಣ್ಣು ಮೂಗು ಬರೆಯುವವನೊಬ್ಬನ ಕೈಯಲ್ಲಿ ಬೋರ್ಡು ಬರೆಸಿದೆ. ‘ಕೆ. ಸಣ್ಣೇಗೌಡ, ಬಿ.ಎ., ಅಂಡ್ ಕಂಪನಿ. ರೇಷ್ಮೆ ವ್ಯಾಪಾರಸ್ಥರು.’ ಹೆಸರಿಗಿಂತ ಬಿ.ಎ. ದೊಡ್ಡದಾಗಿರಬೇಕೆಂದು ಹೇಳಿದ್ದೆ, ಹಾಗೇ ಬರೆದ. ಆದರೆ ಗೊಂಬೆ ಬರೆದು ಪಳಗಿದ ಕೈ. ಸೊನ್ನೆ ಬಂದಲ್ಲೆಲ್ಲ ಅಭ್ಯಾಸಬಲದಿಂದ ಒಳಗೊಂದು ಕರಿ ಚುಕ್ಕೆ ಇಟ್ಟಿದ್ದ. ನನ್ನ ಕಂಪನಿ ಲೋಕವನ್ನು ಎರಡು ಕಣ್ಣು ಬಿಟ್ಟು ನೋಡುತ್ತಿತ್ತು!

ಅದು ಮಹಾರಾಜರ ಕಾಲ. ಈಗ ರಾಮನಗರ ಎನ್ನುವ ಊರಿಗೆ ಆಗ ಕ್ಲೋಸ್‌ಪೇಟೆ ಎಂದೂ, ಕನಕಪುರಕ್ಕೆ ಕಾನಕಾನಹಳ್ಳಿ ಎಂದೂ ಹೆಸರು. ಕೋಡಿಹಳ್ಳಿಯಾಚೆಗಿನ ನಮ್ಮ ಹಳ್ಳಿಯಲ್ಲಿ ನನಗಿಂತ ಹೆಚ್ಚು ಓದಿದವರು ಇರಲಿಲ್ಲ. ನನ್ನಷ್ಟು ಓದಿದವರೂ ಇರಲಿಲ್ಲ. ನಿಜ ಹೇಳಬೇಕೆಂದರೆ ಓದಿದವರೇ ಇರಲಿಲ್ಲ. ಬಿ.ಎ. ಎಂದರೆ ಏನೆಂದು ಊರಿನವರು ಕೇಳಿದಾಗ ನಮ್ಮ ಅವ್ವ, “ಅದು ಅಮಲ್ದಾರ್ಕಿಗಿಂತ ಒಂದು ಗೇಣು ಕೆಳಗೆ, ಶಾನುಭೋಗಿಕೆಗಿಂತ ನಾಕು ಮಾರು ಮೇಲೆ” ಎಂದು ಅಳೆದು ಹೇಳಿದ್ದಳು. ನಾನು ತಿದ್ದಲು ಹೋಗಲಿಲ್ಲ.

ಈ ಬಿ.ಎ. ಪುಕ್ಕಟೆ ಬಂದದ್ದಲ್ಲ. ಅಪ್ಪ ನಾನು ಚಿಕ್ಕವನಿದ್ದಾಗಲೇ ತೀರಿಕೊಂಡಿದ್ದ. ಹೊಲ ಉಳುಮೆ ಮಾಡಿಸಿದ್ದು ಅವ್ವ. ಕಳೆ ಕಿತ್ತದ್ದು, ರಾಗಿ ಕುಯ್ದದ್ದು, ಬೀಸಿದ್ದು ನನ್ನ ತಂಗಿ ಚೆನ್ನಿ. ರಜೆಗೆ ಬಂದ ನಾನು ಬುಡ್ಡಿದೀಪದ ಮುಂದೆ ಕುಳಿತು ಇಂಗ್ಲೆಂಡಿನ ರಾಜರ ಹೆಸರುಗಳನ್ನು ಉರು ಹೊಡೆಯುತ್ತಿದ್ದರೆ ಅವಳು ಪಕ್ಕದಲ್ಲೇ ರಾಗಿ ಬೀಸುತ್ತಿದ್ದಳು. ನಾನು ಮಧ್ಯೆ ತಡವರಿಸಿದರೆ ಬೀಸುವುದನ್ನು ನಿಲ್ಲಿಸದೆ, “ಎಡ್ವರ್ಡು ಆದ್ಮೇಲೆ ರಿಚರ್ಡು ಕಣಣ್ಣಯ್ಯ” ಎನ್ನುತ್ತಿದ್ದಳು. ಅಷ್ಟೂ ರಾಜರು ಅವಳಿಗೆ ಸಾಲಾಗಿ ಬರುತ್ತಿದ್ದರು. ಪದವಿ ಮಾತ್ರ ನನಗೆ ಬಂತು.

ಚೆನ್ನಿಗೆ ಮದುವೆ ಗೊತ್ತಾಯಿತು. ವೈಶಾಖದಲ್ಲಿ ಧಾರೆ. ಅವ್ವ ವರ್ಷಗಳಿಂದ ಗಡಿಗೆಯಲ್ಲಿ ಕೂಡಿಟ್ಟದ್ದನ್ನು ತೆಗೆದು, “ಇದ್ರಲ್ಲಿ ಅವಳಿಗೆ ಕೊಳ್ಳೇಗಾಲದ ರೇಸ್ಮೆ ಸೀರೆ ತಂದ್ಬುಡು ಮಗ. ಆ ಮಗ ಹುಟ್ಟಿದಾಗಿಂದ ರೇಸ್ಮೆ ಕಂಡಿಲ್ಲ” ಎಂದಳು.

ಯಾವ ಉದ್ಯಮಿ ಬಂಡವಾಳವನ್ನು ಒಯ್ದು ಅಂಗಡಿಯವನಿಗೆ ಕೊಡುತ್ತಾನೆ?

“ಅವ್ವ, ಸೀರೆ ಕೊಳ್ಳುವುದೇಕೆ?” ಎಂದೆ. “ನಾನೇ ಗೂಡು ಕೊಂಡು, ನನ್ನ ಕಾರ್ಖಾನೆಯಲ್ಲೇ ದಾರ ತೆಗೆಸಿ, ಕೊಳ್ಳೇಗಾಲದ ನೇಕಾರನಿಗೆ ಕೊಟ್ಟು ನೇಯಿಸುತ್ತೇನೆ. ನಮ್ಮ ಕಂಪನಿಯ ಮೊದಲನೆಯ ದಾರ ಚೆನ್ನಿಯ ಧಾರೆ ಸೀರೆಗೆ!”

ಅವ್ವನ ಕಣ್ಣಲ್ಲಿ ನೀರು ಬಂತು. ಬಾಗಿಲ ಸಂದಿಯಲ್ಲಿ ನಿಂತಿದ್ದ ಚೆನ್ನಿ ಮೆಲ್ಲಗೆ, “ಅಣ್ಣಯ್ಯ, ಗಿಣಿಹಸ್ರು ಬಣ್ಣಕ್ಕೆ ಕೆಂಪಂಚು ಹಾಕಿಸ್ತೀಯಾ?” ಎಂದಳು. ಅವಳು ನನ್ನನ್ನು ಏನಾದರೂ ಬೇಕೆಂದು ಕೇಳಿದ್ದು ಅದೇ ಮೊದಲು.

“ಎರಡು ಸೀರೆ ಹಾಕಿಸ್ತೀನಿ!” ಎಂದೆ. ಬೋರ್ಡು ಇತ್ತಲ್ಲ.

ಕ್ಲೋಸ್‌ಪೇಟೆಯಲ್ಲಿ ಜಬ್ಬಾರ್ ಸಾಬರ ಮನೆಯ ಮಗ್ಗುಲಿಗೆ ಒಂದು ಮನೆ ಹಿಡಿದೆ. ಸಾಬರು ಎರಡು ತಲೆಮಾರಿನಿಂದ ಗೂಡು ಬೇಯಿಸಿ ದಾರ ತೆಗೆಯುವವರು. ಅವರದೇ ಚರಕ, ಅವರದೇ ಬಾಣಲೆಗಳು. ದಾರ ತೆಗೆಯುವ ಕೆಲಸದಲ್ಲಿ ಅರ್ಧ ಪಾಲಿಗೆ ಅವರು ಒಪ್ಪಿದರು. ನಮ್ಮ ಪಡಸಾಲೆಯಲ್ಲಿ ಹೊಸ ಒಲೆ ಹಾಕಿಸಿದೆವು. ಸುತ್ತಲ ಹಳ್ಳಿಗಳಿಂದ ಗಾಡಿಯಲ್ಲಿ ಗೂಡು ಬಂತು. ಬಿಳಿ, ಹಳದಿ ಬಣ್ಣದ, ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಒಳಗಿನ ಹುಳ ಗಿಲಕಿಯಂತೆ ಕುಲುಕುವ ಗೂಡು. ಬುಟ್ಟಿಬುಟ್ಟಿಯಾಗಿ ಬಿದಿರು ಗಳದ ಅಟ್ಟದ ಮೇಲೆ ಹರವಿಸಿದೆ. ಬೆಳಗಾದರೆ ಒಲೆ ಹಚ್ಚಬೇಕು.

ಆ ಸಂಜೆಯೇ ಅವ್ವ ಊರಿನಿಂದ ಬಂದಿಳಿದಳು. ನನ್ನ ಹೆಂಡತಿ ಗೌರಮ್ಮ ಬಸುರಿ ಎಂಬ ಸುದ್ದಿ ಅವಳಿಗೆ ಮುಟ್ಟಿತ್ತು. ಸೊಸೆಯ ದೃಷ್ಟಿ ತೆಗೆದು, ಮೆಂತ್ಯದ ಹಿಟ್ಟಿನ ಗಂಟು ಬಿಚ್ಚಿಟ್ಟು, ಆಮೇಲೆ ಒಲೆಯನ್ನು ನೋಡಿದಳು.

“ಇದೇನ್ಲಾ ಮಗ?”

“ಗೂಡು ಬೇಯಿಸೋ ಒಲೆ ಅವ್ವ. ಬಿಸಿನೀರಿಗೆ ಹಾಕಿದರೆ ದಾರ ಬಿಡ್ತದೆ.”

“ಒಳಗಿರೋ ಹುಳ?”

“ಅದು... ಅದು ತೀರಿಕೊಳ್ತದೆ.”

ಅವ್ವ ಎದ್ದು ನಿಂತಳು. “ಹೆಂಡ್ರು ಬಸ್ರಿಯಾಗಿರೋವಾಗ ಗಂಡನಾದೋನು ಒಂದು ಜೀವ ತೆಗೀಬಾರ್ದು ಕಣ್ಲಾ! ನಿಮ್ಮಪ್ಪ ನೀನು ಹೊಟ್ಟೇಲಿದ್ದಾಗ ಹಾವು ಕಂಡ್ರೂ ಕೈ ಮುಗ್ದು ಬುಟ್ಬುಡೋನು. ನೀನು ಬಾಣ್ಲೆಗಟ್ಲೆ ಬೇಯಿಸ್ತೀನಿ ಅಂತೀಯಲ್ಲೋ!”

ಬಿ.ಎ. ಓದಿದವನು ಇಂಥದಕ್ಕೆ ನಗಬೇಕು. ನಗಲು ಬಾಯಿ ತೆರೆದೆ. ಒಳಗೆ ಗೌರಮ್ಮ ಕುಳಿತಿದ್ದಳು. ಹಿಂದಿನ ವರ್ಷ ಅವಳಿಗೆ ಒಂದು ಬಸಿರು ನಿಂತಿರಲಿಲ್ಲ. ಅವಳು ನನ್ನ ಮುಖ ನೋಡಿ ತಲೆ ತಗ್ಗಿಸಿದಳು. ನನ್ನ ಬಾಯಿ ಹಾಗೇ ಮುಚ್ಚಿಕೊಂಡಿತು.

ಬಿಸಿಲಿಗೆ ಒಣಹಾಕಿದರೂ ಹುಳ ಸಾಯುತ್ತದೆ; ಆವಿಗೆ ಇಟ್ಟರೂ ಸಾಯುತ್ತದೆ. ಸುಮ್ಮನೆ ಬಿಟ್ಟರೆ ಇನ್ನೊಂದು ವಾರದಲ್ಲಿ ಚಿಟ್ಟೆಯಾಗಿ, ಗೂಡನ್ನು ತೂತು ಮಾಡಿಕೊಂಡು ಹೊರಗೆ ಬರುತ್ತದೆ. ತೂತಾದ ಗೂಡಿನಲ್ಲಿ ದಾರ ಬರುವುದಿಲ್ಲ. ಇದು ಕ್ಲೋಸ್‌ಪೇಟೆಯ ಕೋಳಿಗಳಿಗೂ ಗೊತ್ತು. ನನಗೂ ಗೊತ್ತಿತ್ತು. ನಾನು ಅಜ್ಞಾನದಿಂದ ಕೆಟ್ಟವನಲ್ಲ, ಬುದ್ಧಿವಂತಿಕೆಯಿಂದ ಕೆಟ್ಟವನು.

ಅವ್ವ ದಾರಿ ತೋರಿಸಿಯೇ ಇದ್ದಳು. “ಗೂಡೆಲ್ಲಾನೂ ಸಾಬ್ರಿಗೆ ಮಾರ್ಬುಡು. ಅವ್ರ ಮಾಲು, ಅವ್ರ ಒಲೆ. ನೀನು ಆಮೇಲೆ ದಾರ ಕೊಂಡ್ಕೋ. ಪಾಪಾನೂ ಇಲ್ಲ, ಸೀರೇನೂ ಆಯ್ತದೆ.”

ಎಷ್ಟು ಸುಲಭ! ಆದರೆ ಯೋಚಿಸಿ. ಬಾಗಿಲು ತೆರೆಯುವ ಮೊದಲೇ ಮಾಲು ಮಾರಿದರೆ ಅದು ಕಂಪನಿಯೇ? ಬೋರ್ಡಿನ ಎರಡು ಕಣ್ಣುಗಳೂ ನನ್ನನ್ನೇ ನೋಡುತ್ತಿದ್ದವು.

ಬೆಳಗಿನ ಜಾವ ನನಗೆ ಜ್ಞಾನೋದಯವಾಯಿತು. ಪಾಪ ಯಾರಿಗೆ? ಒಲೆ ಹಚ್ಚಿದವನಿಗೆ. ಹಾಗಾದರೆ ಒಲೆಯನ್ನು ಅಮಲ್ದಾರರ ಕೈಯಲ್ಲಿ ಹಚ್ಚಿಸಿದರೆ? ಅವರು ಖಾಸಗಿ ಮನುಷ್ಯರಲ್ಲ, ಸರ್ಕಾರದ ಪ್ರತಿನಿಧಿಗಳು. ಪ್ರತಿನಿಧಿ ಮಾಡಿದ ಕೃತ್ಯದ ಹೊಣೆ ಪ್ರಭುತ್ವದ್ದು. ಅರ್ಥಾತ್, ಹುಳುಗಳ ಪಾಪ ಸರ್ಕಾರದ ಬಾಬತ್ತು! ಜೊತೆಗೆ ಪ್ರಾರಂಭೋತ್ಸವವೂ ಆಯಿತು!

ಅವ್ವ ಬಹಳ ಹೊತ್ತು ಯೋಚಿಸಿದಳು. “ಸರ್ಕಾರ ತಡ್ಕತದೆ” ಎಂದು ಒಪ್ಪಿದಳು.

ಗೌರಮ್ಮ ಮಾತ್ರ, “ಅಲ್ಲ ಕಣ್ರೀ, ಅಮಲ್ದಾರ್ರು ಬರೋಗಂಟ ಹುಳ ಸುಮ್ಕಿರ್ತದಾ?” ಎಂದಳು.

“ಸರ್ಕಾರಿ ಕೆಲಸ ಎಂದರೆ ಗಡಿಯಾರ ಇದ್ದಂತೆ” ಎಂದೆ. ನಾನಿನ್ನೂ ಸರ್ಕಾರಿ ಕೆಲಸ ಮಾಡಿರಲಿಲ್ಲ.

ಸಾಬರಿಗೆ ತಿಳಿಸಿದೆ. ಅವರು ‘ತಡವಾಗುತ್ತದೆ, ಬೇಡ’ ಎನ್ನಬಹುದೆಂದು ನನ್ನ ಅಳುಕು. ಅವರ ಮುಖ ಹುಣ್ಣಿಮೆಯಾಯಿತು.

“ಅರೇ ಗೌಡ್ರೆ! ಅಮಲ್ದಾರ್ ಸಾಹೇಬ್ರು ನಮ್ಮ ಗಲ್ಲಿಗೆ ಬತ್ತಾರಾ? ನಮ್ಮ ತಾತನ ಕಾಲದಿಂದ ಜವಾನನೂ ಬಂದಿಲ್ಲ ಇಲ್ಲಿಗೆ! ಒಲೆ ಬುಡಿ, ಮೊದ್ಲು ಗೋಡೆಗೆ ಸುಣ್ಣ ಹೊಡೀಬೇಕು!”

ಆ ಕ್ಷಣದಿಂದ ಸಾಬರು ಗೂಡನ್ನು ಮರೆತರು. ಸುಣ್ಣ ಹೊಡೆಸಿದರು. ಮದುವೆಯಲ್ಲಿ ತೊಟ್ಟಿದ್ದ ಶೇರ್ವಾನಿಯನ್ನು ತೆಗೆಸಿ ಹೊಟ್ಟೆಯ ಬಳಿ ಬಿಚ್ಚಿಸಿ ಹೊಲಿಸಿದರು. ಬೆಳ್ಳಿಯ ಪನ್ನೀರುದಾನಿಯನ್ನು ಎರವಲು ತಂದರು. ದಿನಕ್ಕೆ ಹತ್ತು ಸಲ ಬಂದು, “ಸಾಹೇಬ್ರು ಒಳಗೆ ಬರೋವಾಗ ನಾನು ಎಡಕ್ಕೆ ನಿಲ್ಲೋದಾ, ಬಲಕ್ಕಾ?” ಎಂದು ಕೇಳುತ್ತಿದ್ದರು. ಒಟ್ಟಿನಲ್ಲಿ ಕಂಪನಿಗೆ ತಕ್ಕ ಪಾಲುದಾರರು.

ಅಮಲ್ದಾರರು ಒಳ್ಳೆಯವರು. ಪದವೀಧರನೊಬ್ಬ ನೌಕರಿ ಬೇಡದೆ ಉದ್ಯಮಕ್ಕೆ ಕೈಹಾಕಿದ್ದಕ್ಕೆ ಬೆನ್ನು ತಟ್ಟಿ, ನಾಡಿದ್ದೇ ಬರುವುದಾಗಿ ಒಪ್ಪಿದರು. ನಾಡಿದ್ದು ಅವರ ಕಚೇರಿಯ ಡಫೇದಾರ ಬಂದ. ಕಂದಾಯದ ಲೆಕ್ಕ ನೋಡುವ ಜಮಾಬಂದಿಯ ಕೆಲಸ, ಸಾಹೇಬರು ಮಾಗಡಿ ಕಡೆ ಸರ್ಕೀಟು ಹೊರಟಿದ್ದಾರೆ, ಬಂದ ಮೇಲೆ ನೋಡೋಣ.

“ಹುಳಕ್ಕೆ ಜಮಾಬಂದಿ ಗೊತ್ತಾ?” ಎಂದಳು ಗೌರಮ್ಮ.

ತಂಪಿದ್ದರೆ ಹುಳ ತಡವಾಗಿ ಏಳುತ್ತದೆಂದು ಎಲ್ಲೋ ಓದಿದ್ದೆ. ಅಟ್ಟದ ಸುತ್ತ ಒದ್ದೆ ಗೋಣಿತಟ್ಟು ಕಟ್ಟಿದೆ. ಹೊತ್ತುಹೊತ್ತಿಗೆ ನೀರು ಚಿಮುಕಿಸಿದೆ. ಕಿಟಕಿಗೆ ಕಂಬಳಿ ಹೊದಿಸಿದೆ. ಮನೆಯಲ್ಲಿ ಯಾರೂ ಜೋರಾಗಿ ಮಾತಾಡಕೂಡದೆಂದು ಅಪ್ಪಣೆ ಹೊರಡಿಸಿದೆ. ಅವ್ವ ಕೆಮ್ಮು ಬಂದರೆ ಬೀದಿಗೆ ಓಡುತ್ತಿದ್ದಳು. ಬಸುರಿ ಹೆಂಗಸಿಗಿಂತ ಹೆಚ್ಚಿನ ಆರೈಕೆ ಆ ಹುಳುಗಳಿಗೆ ನಡೆಯಿತು. ಗೌರಮ್ಮ ಇದನ್ನು ಇಂದಿಗೂ ಎತ್ತಿ ಆಡುತ್ತಾಳೆ.

ಡಫೇದಾರ ಮತ್ತೊಮ್ಮೆ ಬಂದ. ಇನ್ನೆರಡು ದಿನ. ಅಷ್ಟರಲ್ಲಿ ಕೊಳ್ಳೇಗಾಲದಿಂದ ನೇಕಾರ ಹೇಳಿಕಳಿಸಿದ: ‘ಮಗ್ಗ ಖಾಲಿ ಮಡಗಿದ್ದೀನಿ, ದಾರ ಯಾವಾಗ?’ ಊರಿನಿಂದ ಬಂದ ಗಾಡಿಯವನು ಚೆನ್ನಿಯ ಮಾತು ತಂದ: ‘ಅಂಚಿನಲ್ಲಿ ಒಸಿ ಹಂಸ ಹಾಕಿಸೋಕಾಯ್ತದಾ ಕೇಳು ಅಂದ್ಲು.’ ಆಗುತ್ತದೆ ಎಂದು ಹೇಳಿಕಳಿಸಿದೆ.

ಕೊನೆಗೂ ಆ ದಿನ ಬಂತು. ಬೆಳಿಗ್ಗೆ ಎದ್ದಾಗ ಅಟ್ಟದ ಮೇಲೆ ಸೋನೆ ಹಿಡಿದಂತೆ ಸರಸರ ಸದ್ದು. ಇಲಿ ಇರಬೇಕೆಂದುಕೊಂಡೆ. ಹತ್ತಿ ನೋಡಲು ಪುರುಸೊತ್ತೆಲ್ಲಿ? ತೋರಣ ಕಟ್ಟಬೇಕು, ಭಾಷಣ ಬಾಯಿಪಾಠ ಮಾಡಬೇಕು, ವಾಲಗದವರು ಬಂದರೋ ನೋಡಬೇಕು. ಉದ್ಯಮಿಗೆ ನೂರೆಂಟು ಕೆಲಸ!

ಅಮಲ್ದಾರರು ಬಂದರು. ಬಿಳಿ ಸರಿಗೆ ಪೇಟ, ಕರಿಯ ಕೋಟು. ಸಾಬರು ಎಡಕ್ಕೂ ಬಲಕ್ಕೂ ಓಡಾಡಿ ಕಡೆಗೆ ಎದುರಿಗೇ ನಿಂತು ಪನ್ನೀರು ಎರಚಿದರು. ಬೀದಿಯ ಅರ್ಧ ಜನ ಪಡಸಾಲೆಯಲ್ಲಿ, ಇನ್ನರ್ಧ ಜಗಲಿಯ ಮೇಲೆ. ಸಾಹೇಬರು ಅಟ್ಟದ ಕೆಳಗೆ, ಒಲೆಯ ಮುಂದೆ ನಿಂತು ಮಾತು ಶುರುಮಾಡಿದರು.

“ವಿದ್ಯಾವಂತ ತರುಣರು ನೌಕರಿಯನ್ನೇ ನೆಚ್ಚಿಕೊಳ್ಳದೆ...”

ಅವರ ಪೇಟದ ಮೇಲೆ ಒಂದು ಬಿಳಿ ಚಿಟ್ಟೆ ಬಿತ್ತು.

ಸರಿಗೆಯ ಮೇಲೆ ಅದು ಚೆನ್ನಾಗಿಯೇ ಕಾಣುತ್ತಿತ್ತು.

“...ಉದ್ಯಮಗಳತ್ತ ಮುಖ ಮಾಡಿದರೆ...”

ಎರಡು. ಐದು. ಆಮೇಲೆ ಎಣಿಸುವ ಪ್ರಶ್ನೆ ಇರಲಿಲ್ಲ. ಬಿದಿರು ಗಳಗಳ ಸಂದಿಯಿಂದ ನನ್ನ ಬಂಡವಾಳವೆಲ್ಲ ಉದುರತೊಡಗಿತು! ರೇಷ್ಮೆ ಚಿಟ್ಟೆ ಹಾರುವುದಿಲ್ಲ. ರೆಕ್ಕೆ ಫಡಫಡ ಬಡಿಯುತ್ತ ಬಿದ್ದಲ್ಲಿ ತೆವಳುತ್ತದೆ. ಸಾಹೇಬರ ಹೆಗಲ ಮೇಲೆ, ಕಾಲರಿನೊಳಗೆ, ಮೀಸೆಯ ಮೇಲೆ. ರೆಕ್ಕೆಯ ಪುಡಿ ಗಾಳಿಗೆ ಎದ್ದಿತು. ಸಾಹೇಬರು ಸೀನಿದರು. ಕಡ್ಡಿ ಗೀರಿದರು, ಸೀನಿದರು, ಆರಿತು. ಮತ್ತೆ ಗೀರಿದರು, ಮತ್ತೆ ಸೀನಿದರು. ಶುಭಕಾರ್ಯ ಎಂದುಕೊಂಡು ವಾಲಗದವರು ಗಟ್ಟಿಮೇಳ ಬಾರಿಸಿದರು!

ಡಫೇದಾರ ಟವೆಲು ಎತ್ತಿ ಬೀಸಹೊರಟ. ಒಳಗಿನಿಂದ ಅವ್ವನ ಕೂಗು ಸೂರು ಹಾರುವಂತೆ ಕೇಳಿಸಿತು.

“ಸಾಯಿಸ್ಬ್ಯಾಡಿ! ಯಾರೂ ಒಂದನ್ನೂ ಸಾಯಿಸ್ಬ್ಯಾಡಿ! ನನ್ನ ಸೊಸೆ ಬಸ್ರಿ ಕಣ್ರಪ್ಪೋ!”

ಎಲ್ಲರೂ ಎತ್ತಿದ ಕಾಲು ಎತ್ತಿದ ಹಾಗೇ ನಿಂತರು. ನೆಲದ ತುಂಬ ಚಿಟ್ಟೆ, ಕಾಲಿಡುವ ಹಾಗಿಲ್ಲ. ಕೊನೆಗೆ ನಾನೇ ಮುಂದೆ ಹೋಗಿ, ಎರಡು ಬೆರಳಿನಲ್ಲಿ ರೆಕ್ಕೆ ನೋಯದಂತೆ ಹಿಡಿದು, ಒಂದೊಂದನ್ನೇ ಅಮಲ್ದಾರರ ಮೈಯಿಂದ ಬಿಡಿಸಿ ಬುಟ್ಟಿಗೆ ಹಾಕತೊಡಗಿದೆ. ಮೀಸೆಯ ಮೇಲಿನದು ಬಿಡಲೊಲ್ಲದು. ಸಾಬರು ಪನ್ನೀರು ಚಿಮುಕಿಸಿದರೆ ಹೋಗುತ್ತದೆಂದು ಸಾಹೇಬರ ಮುಖಕ್ಕೆ ಗುರಿಯಿಟ್ಟು ಎರಚಿದರು.

ಸಾಹೇಬರು ಕಣ್ಣೊರೆಸಿಕೊಂಡು ಕೇಳಿದರು: “ಗೌಡರೇ, ನೀವು ನನ್ನನ್ನು ಕರೆದದ್ದು ರೇಷ್ಮೆ ಕಾರ್ಖಾನೆಗೋ, ಹೆರಿಗೆ ಮನೆಗೋ?”

ಅವರು ಹೊರಟರು. ಒಲೆ ಹಚ್ಚಲಿಲ್ಲ.

ಮರುದಿನ ಡಫೇದಾರ ಪೇಟವನ್ನು ತಟ್ಟೆಯಲ್ಲಿಟ್ಟುಕೊಂಡು ಬಂದ. ಸರಿಗೆಯ ಅಂಚಿನುದ್ದಕ್ಕೂ ಹಳದಿ ಗಸಗಸೆ ಅಂಟಿಸಿದಂತೆ ಸಾಲುಸಾಲು ಮೊಟ್ಟೆ. “ಇದಕ್ಕೇನು ಮಾಡೋದು ಅಂತ ಸಾಹೇಬ್ರು ಕೇಳ್ತಾವ್ರೆ.”

ಅವ್ವ ಹೇಳಿದಳು: “ಉಜ್ಜಬ್ಯಾಡಿ ಅನ್ನಪ್ಪ. ಮೊಟ್ಟೇಲೂ ಜೀವ ಐತೆ.”

ಸಾಬರು ಸುಣ್ಣ ಹೊಡೆದ ಗೋಡೆಗೆ ಒರಗಿ ಕುಳಿತು ನಿಟ್ಟುಸಿರಿಟ್ಟರು. “ಹೋಗ್ಲಿ ಬುಡಿ ಗೌಡ್ರೆ. ಸಾಹೇಬ್ರ ಮುಖಕ್ಕೆ ಪನ್ನೀರು ಹಾಕಿದೋರು ಈ ತಾಲ್ಲೂಕಲ್ಲಿ ಇನ್ಯಾರವ್ರೆ?” ಅವರು ದೊಡ್ಡ ಮನಸ್ಸಿನವರು. ಮತ್ತೆ ಪಾಲು ಕೂಡುವ ಮಾತನ್ನು ಮಾತ್ರ ಎತ್ತಲಿಲ್ಲ.

ಕೊಳ್ಳೇಗಾಲದ ಮಗ್ಗಕ್ಕೆ ಬೇರೆಯವರ ದಾರ ಹತ್ತಿತು. ಮದುವೆಗೆ ಮೊದಲು ಚೆನ್ನಿ ಕ್ಲೋಸ್‌ಪೇಟೆಗೆ ಬಂದಳು. ನಾನು ಯೋಚಿಸಿಟ್ಟುಕೊಂಡಿದ್ದ ವಿವರಣೆಯನ್ನು ಅವಳು ಕೇಳಲೇ ಇಲ್ಲ. ಅಟ್ಟ ಹತ್ತಿ, ತೂತಾದ ಗೂಡಿನ ರಾಶಿಯಿಂದ ಒಂದನ್ನು ಎತ್ತಿಕೊಂಡಳು. ಇನ್ನೊಂದು ತುದಿಯನ್ನೂ ಕತ್ತರಿಸಿ, ಕಣ್ಣಿಗೆ ಹಿಡಿದು ಕೆಳಗೆ ನಿಂತಿದ್ದ ನನ್ನನ್ನು ನೋಡಿದಳು.

“ಅಣ್ಣಯ್ಯ, ಇದ್ರಲ್ಲಿ ನೋಡುದ್ರೆ ನೀನು ಒಸಿ ಚಿಕ್ಕದಾಗಿ ಕಾಣ್ತೀಯ” ಎಂದಳು. ನಕ್ಕಳು. ನಾನೂ ನಕ್ಕೆ.

ಇದ್ದ ನಾಲ್ಕು ದಿನವೂ ಅವಳು ಕೈ ಕಟ್ಟಿ ಕೂರಲಿಲ್ಲ. ಗೂಡುಗಳನ್ನು ಬೇಯಿಸಿ ಹಿಂಜಿ ಹತ್ತಿಯಂತೆ ಮಾಡಿದಳು. ಈಗ ಬೇಯಿಸಬಹುದಿತ್ತು, ಒಳಗೆ ಯಾರೂ ಇರಲಿಲ್ಲವಲ್ಲ! ನನ್ನದೊಂದು ಹಳೆಯ ಕಾಲೇಜು ಶರಟು ಹರಿದು ಅದರಲ್ಲಿ ತುಂಬಿ ತೊಟ್ಟಿಲಿಗೆ ಒಂದು ಪುಟ್ಟ ದಿಂಬು ಹೊಲಿದಳು. ಸಣ್ಣೇಗೌಡ, ಬಿ.ಎ., ಅಂಡ್ ಕಂಪನಿ ತಯಾರಿಸಿದ ಸರಕು ಅದೊಂದೇ.

ಧಾರೆಗೆ ಚೆನ್ನಿ ಅವ್ವನ ಮದುವೆಯ ನೂಲಿನ ಸೀರೆ ಉಟ್ಟಳು. ಅಂಚು ಸವೆದಿದ್ದ ಕಡೆ ನೆರಿಗೆಯೊಳಗೆ ಮಡಿಸಿಕೊಂಡಿದ್ದಳು. ಗಂಡಿನ ಕಡೆಯ ಹೆಂಗಸೊಬ್ಬಳು ಎಲ್ಲರಿಗೂ ಕೇಳಿಸುವಂತೆ, “ಅಣ್ಣ ಬಿ.ಎ.ಯಂತೆ, ರೇಸ್ಮೆ ಕಂಪ್ನಿ ಇಟ್ಟವ್ನಂತೆ. ತಂಗಿಗೆ ನೂಲು ಸೀರೇನಾ?” ಎಂದಳು.

ನಾನು ಧಾರೆಯ ತಂಬಿಗೆ ಹಿಡಿದು ನಿಂತಿದ್ದೆ. ಚೆನ್ನಿ ತಲೆ ಎತ್ತದೆ ಹೇಳಿದಳು: “ಅಣ್ಣಯ್ಯ ಎರಡು ಸೀರೆ ತಂದಿದ್ದ ಕಣಮ್ಮ. ಅವ್ವನ ಸೀರೇನೇ ಉಡ್ತೀನಿ ಅಂತ ನಾನೇ ಹಟ ಹಿಡ್ದೆ.”

ಇಂಗ್ಲೆಂಡಿನ ರಾಜರಲ್ಲಿ ನಾನು ತಡವರಿಸಿದಾಗ ಕೈ ಹಿಡಿದಿದ್ದಳಲ್ಲ, ಅದೇ ದನಿ.

ಅವ್ವನ ಮಾತು ಹುಸಿಯಾಗಲಿಲ್ಲ. ಗೌರಮ್ಮನಿಗೆ ಸುಖವಾಗಿ ಹೆರಿಗೆಯಾಯಿತು. ಗಂಡು ಮಗು, ಗುಂಡುಕಲ್ಲಿನಂತಿತ್ತು. “ನೋಡುದ್ರಾ? ಒಂದು ಜೀವಾನೂ ತೆಗೀಲಿಲ್ಲ ನನ್ನ ಮಗ!” ಎಂದು ಅವ್ವ ಬೀದಿಗೆಲ್ಲ ಸಕ್ಕರೆ ಹಂಚಿದಳು. ನಿಜ. ಮೈಸೂರು ಸೀಮೆಯಲ್ಲಿ ಒಂದು ಹುಳವನ್ನೂ ಕೊಲ್ಲದ ರೇಷ್ಮೆ ಉದ್ಯಮಿ ನಾನೊಬ್ಬನೇ ಇರಬೇಕು.

ನಾನು ಮಾಗಡಿಯಲ್ಲಿ ಮೇಷ್ಟರಾದೆ. ಎಷ್ಟೋ ವರ್ಷದ ಮೇಲೆ ಗಿಣಿಹಸಿರಿಗೆ ಕೆಂಪಂಚಿನ, ಹಂಸವಿದ್ದ ಕೊಳ್ಳೇಗಾಲದ ಸೀರೆ ಒಯ್ದು ಚೆನ್ನಿಯ ಮಡಿಲಿಗೆ ಹಾಕಿದೆ. ಅವಳು ಅಂಚು ಸವರಿ ನೋಡಿದಳು. “ಚೆಂದಾಗೈತೆ ಅಣ್ಣಯ್ಯ. ಈಗ ಯಾವ ಧಾರೆಗೆ ಉಟ್ಕಳ್ಲಿ?” ಎಂದು ಪೆಟ್ಟಿಗೆಯಲ್ಲಿಟ್ಟಳು. ಅದನ್ನು ಅವಳು ಉಟ್ಟದ್ದನ್ನು ನಾನು ಕಂಡಿಲ್ಲ.

ಊರುಗಳು ಹೆಸರು ಬದಲಾಯಿಸಿಕೊಂಡವು. ಕ್ಲೋಸ್‌ಪೇಟೆ ಹೋಗಿ ರಾಮನಗರವಾಯಿತು, ಕಾನಕಾನಹಳ್ಳಿ ಹೋಗಿ ಕನಕಪುರವಾಯಿತು. ಅಲ್ಲಿಯವರು ನನಗಿಟ್ಟ ‘ಚಿಟ್ಟೆ ಬಿ.ಎ.’ ಎಂಬ ಹೆಸರನ್ನು ಮಾತ್ರ ಯಾವ ಸರ್ಕಾರವೂ ಬದಲಾಯಿಸಲಿಲ್ಲ.

ಮೊನ್ನೆ ನನ್ನ ಹಳೆಯ ಶಿಷ್ಯನೊಬ್ಬ ಬಂದಿದ್ದ. ಏನೋ ಕಾರ್ಖಾನೆ ಶುರುಮಾಡುತ್ತಾನಂತೆ. “ಸಾರ್, ಯಶಸ್ವಿ ಉದ್ಯಮಿಯಾಗೋಕೆ ಏನು ಬೇಕು?” ಎಂದು ಕೇಳಿದ. ಹಿರಿಯನಾಗಿ ನಾಲ್ಕು ಮಾತು ಹೇಳಿದೆ. ಮಾತು ಮುಗಿದ ಮೇಲೆ ಹುರುಪು ಬಂದು, “ಇರಪ್ಪ, ಹಿತ್ತಿಲಲ್ಲಿ ನಮ್ಮ ಕಂಪನಿಯ ಬೋರ್ಡಿದೆ. ಗಟ್ಟಿ ಹಲಗೆ. ಬಣ್ಣ ಬಳಿದು ನಿನ್ನ ಹೆಸರು ಬರೆಸಿಕೋ” ಎಂದು ಎದ್ದೆ.

ಅಡುಗೆ ಮನೆಯಿಂದ ಗೌರಮ್ಮ ಕೂಗಿದಳು:

“ಬೋರ್ಡು ಮುಟ್ಬ್ಯಾಡಿ! ಅದ್ರ ಮೇಲೆ ಕೋಳಿ ಕಾವಿಗೆ ಕೂತೈತೆ!”

ಕುಳಿತುಕೊಂಡೆ. ನಮ್ಮ ಕಂಪನಿಯಲ್ಲಿ ಅಂದು ಶುರುವಾದ ಉತ್ಪತ್ತಿ ಇನ್ನೂ ನಿಂತಿಲ್ಲ!